ನಿಮ್ಮ ‘ಟೈರೆಂಟ್’ ಲೇಖನದ ಬಗ್ಗೆ

ನಮಸ್ಕಾರ.

‘ಟೈರೆಂಟ್ ಪದ ಹುಟ್ಟಿದ ಬಗೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಹಾಕಲಾರೆ. ಬಿಸಾಡುವ ಮನಸ್ಸೂ ಬರಲಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಆ ‘ತೃಣ’. ಜನರನ್ನು ತೃಣವಾಗಿ ಕಂಡವನೇ ಗ್ರೀಕರ ‘ತುರಾನೊಸ್’ ಆದ, ಅದೇ ಇಂಗ್ಲಿಷಿನಲ್ಲಿ ದಬ್ಬಾಳಿಕೆಯ ದೊರೆ ಎಂಬರ್ಥದ ‘ಟೈರೆಂಟ್’ ಆಯಿತು ಎನ್ನುತ್ತೀರಿ. ನಕ್ಕುಬಿಟ್ಟೆ, ಕ್ಷಮಿಸಿ. ಸದ್ದು ಹೊಂದಿದ ಮಾತ್ರಕ್ಕೆ ನಂಟು ಕಟ್ಟಹೊರಟರೆ ಯಾವ ಪದಕ್ಕೂ ಯಾವ ಪದವನ್ನಾದರೂ ಗಂಟು ಹಾಕಬಹುದು. ಅದು ಮೂಲತಃ ಗ್ರೀಕ್ ಪದವೇ ಅಲ್ಲ, ಇಂದಿನ ಟರ್ಕಿಯ ಕಡೆಯಿಂದ ಬಂದದ್ದಿರಬೇಕು ಎನ್ನುವುದು ಬಹುಪಾಲು ವಿದ್ವಾಂಸರ ಊಹೆ. ಕ್ರಿ.ಪೂ. 7ನೇ ಶತಮಾನದ ಕವಿ ಆರ್ಕಿಲೋಕಸ್‌ನ ಸಾಲುಗಳಲ್ಲೂ ಅದು ಬರುವುದು ಅದೇ ಸೀಮೆಯ ಲಿಡಿಯಾದ ದೊರೆ ಗೈಜಸ್‌ನ ಬಂಗಾರದ ಮಾತಿನ ಜೊತೆಗೆ. ಇದನ್ನು ಅಡಿಟಿಪ್ಪಣಿಗೆ ತಳ್ಳಿ ತೃಣಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ!

ಇದಕ್ಕಿಂತ ದೊಡ್ಡ ತೊಡಕೆಂದರೆ, ಮೊದಲ ಸಾಲಿನಿಂದಲೇ ಪದದ ಮೇಲೆ ಕೆಂಡ ಕಾರುತ್ತೀರಿ. ಹುಟ್ಟಿದಾಗ ಅದು ಬೈಗುಳವಾಗಿರಲಿಲ್ಲ. ವಂಶದ ಹಕ್ಕಿಲ್ಲದೆ ಗದ್ದುಗೆ ಹಿಡಿದವನು ಎಂದಷ್ಟೇ. ಹೇಗೆ ಆಳಿದ ಎಂಬುದು ಬೇರೆ ಮಾತು. ಸೋಫೊಕ್ಲಿಸ್‌ನ ನಾಟಕದ ಗ್ರೀಕ್ ಹೆಸರಿನಲ್ಲಿರುವುದೂ ಇದೇ ಪದ, ಕನ್ನಡದಲ್ಲಿ ಅದು ‘ದೊರೆ ಈಡಿಪಸ್’. ಸ್ವಂತ ಲಾಭಕ್ಕಾಗಿ ಆಳುವವನು ಎಂಬ ಕಹಿ ಅರ್ಥ ಕ್ರಿ.ಪೂ. 4ನೇ ಶತಮಾನದ ಅರಿಸ್ಟಾಟಲ್ ಹೊತ್ತಿಗೆ ಗಟ್ಟಿಯಾಗಿತ್ತು.

ಆರನೇ ಪುಟದಲ್ಲಿ ಪೈಸಿಸ್ಟ್ರಾಟಸ್ ಬರುತ್ತಾನೆ, ಅಲ್ಲಿ ನೆಟ್ಟಗೆ ಕೂತು ಓದಿದೆ. ತಾನೇ ಮೈಗೆ ಗಾಯ ಮಾಡಿಕೊಂಡು, ಶತ್ರುಗಳ ಕೆಲಸವೆಂದು ನಂಬಿಸಿ, ದೊಣ್ಣೆ ಹಿಡಿದ ಕಾವಲಿನವರನ್ನು ಪಡೆದು ಅಥೆನ್ಸನ್ನು ವಶಮಾಡಿಕೊಂಡವನು. ಅಂಥವನು ಹೈಮೆಟಸ್ ಬೆಟ್ಟದ ಬಳಿ ಕಲ್ಲು ನೆಲ ಅಗೆಯುವ ರೈತನ ಹತ್ತಿರ ಆಳು ಕಳಿಸಿ, ಏನು ಬೆಳೆಯುತ್ತೆ ಎಂದು ಕೇಳಿಸುತ್ತಾನೆ. ‘ನೋವು, ಸಂಕಟ. ಅದರಲ್ಲೂ ಹತ್ತನೇ ಒಂದು ಪಾಲು ಪೈಸಿಸ್ಟ್ರಾಟಸ್‌ಗೆ ಸಲ್ಲಬೇಕಲ್ಲ’ ಎಂದ ರೈತನಿಗೆ ಕೇಳಿಸಿದವನು ಯಾರೆಂದೇ ಗೊತ್ತಿರಲಿಲ್ಲ. ಆ ನೇರ ಮಾತಿಗೆ ಮೆಚ್ಚಿ ಪೈಸಿಸ್ಟ್ರಾಟಸ್ ಅವನ ಕಂದಾಯವನ್ನೆಲ್ಲ ಮಾಫಿ ಮಾಡಿದ! ಇದನ್ನು ನೀವು ನಾಲ್ಕು ಸಾಲಿಗೆ ಮುಗಿಸಿದ್ದೀರಲ್ಲ, ಮಾರಾಯರೆ.

‘ಸರ್ವಾಧಿಕಾರಿ’, ‘ನಿರಂಕುಶ’, ‘ದಬ್ಬಾಳಿಕೆ’ ಮೂರನ್ನೂ ಒಂದೇ ಗೋಣಿಗೆ ತುಂಬಬೇಡಿ. ಸರ್ವಾಧಿಕಾರಿ ಎಂದು ನಾವು ಅನುವಾದಿಸುವ ‘ಡಿಕ್ಟೇಟರ್’ ಹಳೆಯ ರೋಮಿನಲ್ಲಿ ಮೊದಲಿಗೆ ಆರು ತಿಂಗಳ ಗಡುವಿನ, ಕಾನೂನಿನ ಹುದ್ದೆಯಾಗಿತ್ತು. ನಿರಂಕುಶ ಎಂದರೆ ಅಂಕುಶವಿಲ್ಲದ ಆನೆ. ದಬ್ಬಾಳಿಕೆಗೆ ಸಿಂಹಾಸನವೂ ಬೇಡ, ಮನೆಯೊಳಗೂ ನಡೆಯುತ್ತದೆ.

ರೈತನಿಂದ ಶುರುಮಾಡಿ, ಐದು ಪುಟ ಮೀರದಂತೆ ಬರೆದು ಕಳಿಸಿ. ತೃಣ ಇದ್ದರೆ ಮಾತ್ರ ಓದುವುದಿಲ್ಲ.

ನಿಮ್ಮ,
ಸಂಪಾದಕ