ಅಪ್ಪನ ಮುಖಕ್ಕೆ ಏಳು ಸಲ ‘ಗಂಭೀರ’

ನಿಮ್ಮ ‘ಗೇಜ್’ ಕಥೆಯನ್ನು ಎರಡು ಸಲ ಓದಿದೆ. ಭಾಷೆ ಚೊಕ್ಕವಾಗಿದೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿ ಭತ್ತ ಹಚ್ಚಿದವರ ಪಾಡು ನಿಮಗೆ ಗೊತ್ತಿದೆ. ಸಂತೋಷ. ಆದರೆ ಎರಡನೇ ಪುಟ ನನ್ನ ನಿದ್ದೆ ಕೆಡಿಸಿತು.

ಆ ಒಂದೇ ಪುಟದಲ್ಲಿ ಅಪ್ಪನಿಗೆ ಏಳು ಸಲ ‘ಗಂಭೀರ’ ಅಂಟಿಸಿದ್ದೀರಿ. ‘ಅಪ್ಪನ ಮುಖದಲ್ಲಿ ಗಾಂಭೀರ್ಯ ಮನೆಮಾಡಿತ್ತು.’ ಯಾವ ಗಾಂಭೀರ್ಯ? ಸಂಸ್ಕೃತದಲ್ಲಿ ಗಂಭೀರ ಎಂದರೆ ಆಳ; ನೀರಿನ ಆಳಕ್ಕೂ ದನಿಯ ಆಳಕ್ಕೂ ಅದೇ ಪದ. ನಾವು ಅದನ್ನು ನಗದವರಿಗೆಲ್ಲ ಹಚ್ಚಿಬಿಟ್ಟೆವು. ಮುಖ ಸಪ್ಪಗಾದವನು ಸೋತಿದ್ದಾನೆ, ಮುಖ ಗಂಟು ಹಾಕಿಕೊಂಡವನು ಸಿಟ್ಟಾಗಿದ್ದಾನೆ, ಮುಖ ಬಿಗಿದುಕೊಂಡವನು ಏನನ್ನೋ ತಡೆಹಿಡಿದಿದ್ದಾನೆ. ಬಿಗುಮಾನದವನ ಕಥೆಯೇ ಬೇರೆ. ನಿಮ್ಮ ಕಥೆಯ ಅಪ್ಪ ಇವರಲ್ಲಿ ಯಾರು?

‘ಹಣೆಯ ಮೇಲೆ ಚಿಂತೆಯ ಗೆರೆಗಳು ಮೂಡಿದವು.’ ನಲವತ್ತು ವರ್ಷ ಗದ್ದೆಯಲ್ಲಿ ಬಿಸಿಲುಂಡವನ ಹಣೆಯ ಗೆರೆ ಇವತ್ತು ಮೂಡಿದ್ದಲ್ಲ. ‘ಕಲ್ಲಿನಂತೆ ನಿಂತ.’ ನಮ್ಮ ಸೀಮೆಯ ಗುಡ್ಡಗಳನ್ನು ನೋಡಿದ್ದೀರಲ್ಲ, ಗುಂಡುಕಲ್ಲುಗಳು ಈಗ ಉರುಳಿದವು ಎಂಬಂತೆ ಒಂದರ ಮೇಲೊಂದು ಕೂತಿರುತ್ತವೆ. ಆ ಕಲ್ಲನ್ನು ನೋಡಿ ಬರೆದಿದ್ದರೆ ಈ ಸಾಲು ಉಳಿಯುತ್ತಿತ್ತು.

ಬಳ್ಳಾರಿಯ ಸಣ್ಣ ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದಾಗ ನನ್ನ ಮೊದಲ ಕಥೆಗೂ ಇದೇ ರೋಗವಿತ್ತು. ಅಲ್ಲಿನ ಹಿರಿಯರು ಬೈಯಲಿಲ್ಲ, ಹತ್ತಿರದ ಹಳ್ಳಿಗೆ ತೊಗಲುಗೊಂಬೆ ಆಟಕ್ಕೆ ಕರೆದುಕೊಂಡು ಹೋದರು. ರಾಮಾಯಣ. ಪಕ್ಕಮುಖದ ತೊಗಲಿನ ರಾಮ, ಬಣ್ಣದ ಕಣ್ಣು, ರೆಪ್ಪೆ ಬಡಿಯದು. ಸೀತೆಯಿಲ್ಲದ ಗುಡಿಸಲು ಬಂತು. ಅಲ್ಲಿವರೆಗೆ ಓಡಾಡುತ್ತಿದ್ದ ರಾಮನನ್ನು ಗೊಂಬೆಯವನು ಪರದೆಗೆ ಒತ್ತಿ ಹಿಡಿದುಬಿಟ್ಟ. ಲಕ್ಷ್ಮಣ ಮಾತ್ರ ನಿಲ್ಲಲಾರದೆ ಅತ್ತ ಇತ್ತ. ಮದ್ದಳೆ ನಿಂತಿತು. ಪಕ್ಕದ ಮುದುಕಿ ಸೆರಗನ್ನು ಬಾಯಿಗಿಟ್ಟುಕೊಂಡಳು.

‘ರಾಮನ ಮುಖ ಏನರ ಬದಲಾತೇನಲೇ?’ ಎಂದರು ಹಿರಿಯರು, ಅಷ್ಟೇ. ಮರುದಿನ ನನ್ನ ಕಥೆಯ ಹನ್ನೊಂದು ಸಾಲುಗಳನ್ನು ನಾನೇ ಹೊಡೆದುಹಾಕಿದೆ.

ಪರದೆಗೆ ಒತ್ತಿ ಹಿಡಿದ ಆ ರಾಮನಂಥ ಸಾಲೊಂದು ನಿಮ್ಮಲ್ಲೂ ಇದೆ, ಐದನೇ ಪುಟದಲ್ಲಿ. ಕಾಲುವೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಇಳಿದ ಸುದ್ದಿ ಬಂದಾಗ ಅಪ್ಪ ಚಹಾವನ್ನು ಬಸಿಗೆ ಸುರಿದ, ಕುಡಿಯಲಿಲ್ಲ, ತಿರುಗಿ ಕಪ್ಪಿಗೇ ಸುರಿದ. ನನ್ನ ಗಂಟಲು ಕಟ್ಟಿತು. ಅದರ ಬೆನ್ನಿಗೇ ‘ಗಂಭೀರವಾಗಿ’ ಎಂದು ಬರೆದು ಕೆಡಿಸಿದ್ದೀರಿ.

ಎರಡನೇ ಪುಟ ತೆಗೆಯಿರಿ. ಬಸಿಯಿಂದ ಶುರುಮಾಡಿ. ಹೋಟೆಲಿನಲ್ಲಿ ಇನ್ನು ಯಾರಿದ್ದರು, ಅವನನ್ನು ನೋಡಿ ಮೊದಲು ಮಾತು ನಿಲ್ಲಿಸಿದವರು ಯಾರು, ಅದನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.