ನೆಗ್ಗಿಲೂ ಜ್ಯೇಷ್ಠಮಧುವೂ ಒಂದೇ ಬಂಡಿಗೆ ಕಟ್ಟುವ ಎತ್ತುಗಳಲ್ಲ

ನಮಸ್ಕಾರ.

ದಾವಣಗೆರೆಯಿಂದ ನೀವು ಕಳಿಸಿದ ‘ಗಿಡಮೂಲಿಕೆ ಮತ್ತು ದೇಹದ ಲವಣ ಸಮತೋಲನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ಕಾರಣ ಹೇಳುತ್ತೇನೆ.

‘ಸಮತೋಲನ’ ಅನ್ನೋ ಪದ ನಾಲ್ಕು ಪುಟದಲ್ಲಿ 17 ಸಲ ಬಂದಿದೆ. ಸುಮ್ನೆ ಹೇಳ್ತಿಲ್ಲ, ಎಣಿಸಿದೆ. ಆದರೆ ಯಾವ ಲವಣ, ಅದು ಏರುತ್ತದೋ ಇಳಿಯುತ್ತದೋ ಅಂತ ಎಲ್ಲೂ ಇಲ್ಲ. ‘ನೆಗ್ಗಿಲು, ಜ್ಯೇಷ್ಠಮಧು ಮುಂತಾದವು ಲವಣಗಳ ಸಮತೋಲನ ಕಾಪಾಡುತ್ತವೆ’ ಎಂದಿದ್ದೀರಿ. ನೆಗ್ಗಿಲು ಮೂತ್ರ ಜಾಸ್ತಿ ಮಾಡುವ ಗಿಡ. ಮೂತ್ರದ ಜೊತೆ ಸೋಡಿಯಂ, ಪೊಟ್ಯಾಸಿಯಂ ಎರಡೂ ಹೊರಗೆ ಹೋಗುತ್ತವೆ. ಜ್ಯೇಷ್ಠಮಧುವಿನ ದಾರಿಯೇ ಬೇರೆ. ಅದರಲ್ಲಿರುವ ಗ್ಲಿಸಿರೈಜಿನ್, ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಕಾರ್ಟಿಸಾಲ್ ಹಾರ್ಮೋನನ್ನು ಅಲ್ಲೇ ಸುಮ್ಮನಾಗಿಸುವುದು ಆ ಕಿಣ್ವದ ಕೆಲಸ. ಕಾವಲು ತಪ್ಪಿತು ಅಂದರೆ ಕಾರ್ಟಿಸಾಲ್ ಹೋಗಿ, ಸೋಡಿಯಂ ಹಿಡಿದಿಡುವ ಹಾರ್ಮೋನಾದ ಆಲ್ಡೋಸ್ಟಿರಾನ್‌ನ ಜಾಗದಲ್ಲಿ ಕೂರುತ್ತದೆ. ಆಗ ಸೋಡಿಯಂ ಒಳಗೇ ಉಳಿಯುತ್ತದೆ, ಪೊಟ್ಯಾಸಿಯಂ ಸೋರಿ ಹೋಗುತ್ತದೆ. ಕಾಲು ಊದುತ್ತದೆ, ಬಿಪಿ ಏರುತ್ತದೆ. ಕೆಮ್ಮಿಗೆ ಒಂದು ಚೂರು ಅಗಿಯುವುದು ಬೇರೆ, ವಾರಗಟ್ಟಲೆ ದಿನಾ ಕಷಾಯ ಕುಡಿಯುವುದು ಬೇರೆ. ನೀವೋ ‘ಬಿಪಿ ಇರುವವರೂ ನಿರ್ಭಯವಾಗಿ ಸೇವಿಸಬಹುದು’ ಎಂದು ಬರೆದಿದ್ದೀರಿ. ಆ ಸಾಲಿಗೆ ಕೆಂಪು ಶಾಯಿ ಎಳೆದಿದ್ದೇನೆ. ಯಾರಾದರೂ ನಂಬಿ ಕುಡಿದುಬಿಟ್ಟರೆ?

‘ವಿಜ್ಞಾನ ಸಾಬೀತುಪಡಿಸಿದೆ’ ಅಂದಿರಿ. ನೆಗ್ಗಿಲು ಮೂತ್ರ ಜಾಸ್ತಿ ಮಾಡುತ್ತದೆ ಅಂತ ತೋರಿಸಿದ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಇಲಿ ಅಂತಲೇ ಬರೆಯಿರಿ, ನಾಚಿಕೆ ಯಾಕೆ? ಕೊಟ್ಟ ಪ್ರಮಾಣ ತೂಕದ ಕಿಲೋಗೆ 5 ಗ್ರಾಂ. 60 ಕಿಲೋದ ಮನುಷ್ಯನಿಗೆ ಸುಮ್ನೆ ಗುಣಿಸಿ ನೋಡಿ, 300 ಗ್ರಾಂ! ಔಷಧದ ಲೆಕ್ಕ ಹೀಗೆ ನೇರ ಗುಣಾಕಾರವಲ್ಲ, ನಿಜ. ಆದರೂ ಅಜ್ಜಿ ಕೊಡುವ ಒಂದು ಲೋಟ ಕಷಾಯಕ್ಕೂ ಇದಕ್ಕೂ ಎಷ್ಟು ದೂರ ಅಂತ ಓದುಗರಿಗೆ ಗೊತ್ತಾಗಬೇಕು, ಅಲ್ವಾ?

ಜೋಗಿಮಟ್ಟಿಯ ವರ್ಣನೆ ಪೂರ್ತಿ ತೆಗೆಯಿರಿ. ನಾನು ಚಿತ್ರದುರ್ಗದವನು, ಆ ಬೆಟ್ಟ ಹತ್ತಿದವನು. ‘ಹಸಿರು ಸಿರಿಯ ತಾಯಿ ಮಡಿಲು’ ಅಂದರೆ ಏಪ್ರಿಲ್‌ನಲ್ಲಿ ಹೋದವರು ನಗುತ್ತಾರೆ. ನೆಗ್ಗಿಲನ್ನು ಹುಡುಕಲು ಬೆಟ್ಟಕ್ಕೇ ಹೋಗಬೇಕಾ? ಹೊಲದ ಬದುವಿನಲ್ಲಿ ನಡೆದರೆ ಅದೇ ಬಂದು ಚಪ್ಪಲಿಗೆ ಚುಚ್ಚಿಕೊಳ್ಳುತ್ತದೆ. ಅದನ್ನು ಬರೆಯಿರಿ.

ಈಗ ನನಗೆ ಇಷ್ಟವಾದದ್ದು. ಕೊನೇ ಪುಟದ ನಾಲ್ಕೇ ನಾಲ್ಕು ಸಾಲು. ನಿಮ್ಮ ಸೋದರಮಾವ ಮಂಡಕ್ಕಿ ಭಟ್ಟಿಯಲ್ಲಿ ಬೆವರು ಸುರಿಸಿ, ಬರೀ ನೀರು ಕುಡಿದು, ರಾತ್ರಿ ಮೀನಖಂಡ ಹಿಡಿದುಕೊಂಡು ಒದ್ದಾಡಿದ್ದು. ಅಜ್ಜಿ ಉಪ್ಪು ಹಾಕಿದ ಗಂಜಿ ಕೊಟ್ಟದ್ದು. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ಬೆವರಿನಲ್ಲಿ ಹೋಗುವ ಲವಣದಲ್ಲಿ ಸೋಡಿಯಂ ಪಾಲೇ ಹೆಚ್ಚು. ಬರೀ ನೀರು ಅದನ್ನು ತುಂಬಿಕೊಡುವುದಿಲ್ಲ. ನೀವು ಹೊಗಳಿದ ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಹಾಗಾಗಿ ಆ ರಾತ್ರಿ ಅಜ್ಜಿಯ ಗಂಜಿಯೇ ಸರಿ. ಮೂತ್ರಪಿಂಡ ಕೆಟ್ಟವರಿಗೆ ಎಳನೀರಿನ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತಕ್ಕೇ ಕುತ್ತು ತರಬಹುದು. ಈ ಒಂದು ಸಾಲನ್ನು ಮಾತ್ರ ಬಿಡಬೇಡಿ.

ಒಂದು ಮಧ್ಯಾಹ್ನ ಮಾವನ ಜೊತೆ ಭಟ್ಟಿಯಲ್ಲಿ ಕೂತು ಬನ್ನಿ. ಎಷ್ಟು ಚೊಂಬು ನೀರು ಕುಡಿಯುತ್ತಾರೆ, ಒಣಗಿದ ಬನಿಯನ್ ಮೇಲೆ ಉಪ್ಪಿನ ಬಿಳಿ ಗೆರೆ ಎಲ್ಲಿ ಮೂಡುತ್ತದೆ, ನೋಡಿ ಬರೆಯಿರಿ. ಎರಡು ಪುಟ ಸಾಕು. ಬೇಸಿಗೆ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.