ಬೇಕಂತಲೇ ಹೀಗೆ ಮಾಡ್ತಿದ್ದಾನಾ ಅಂತ ಕೇಳಿದ್ದೀರಲ್ಲ

ನಿಮ್ಮ ಪ್ರಶ್ನೆ ಇಷ್ಟು: ಬೈಕ್‌ನಿಂದ ಬಿದ್ದು ತಮ್ಮನ ತಲೆಗೆ ಪೆಟ್ಟಾಗಿದೆ. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಯಿತು. ಸ್ಕ್ಯಾನ್ ಚೆನ್ನಾಗಿದೆ ಅಂದಿದ್ದಾರೆ. ಆದರೂ ಹೊತ್ತಿಡೀ ಸುಮ್ನೆ ಕೂತಿರುತ್ತಾನೆ, ಸಣ್ಣದಕ್ಕೆಲ್ಲ ರೇಗುತ್ತಾನೆ. ಬೇಕಂತಲೇ ಮಾಡ್ತಿದ್ದಾನಾ? ಮೊದಲಿನ ಹಾಗೆ ಆಗ್ತಾನಾ? ಮುಂದಿನ ತಿಂಗಳು ಫ್ಯಾಕ್ಟರಿಗೆ ಕಳಿಸಬಹುದಾ?

ಬೇಕಂತ ಮಾಡುತ್ತಿಲ್ಲ. ನಾನು ಡಾಕ್ಟರ್ ಅಲ್ಲ, ಮಂಡ್ಯದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವನು. ಆದರೆ ಅದೇ ಥರ ಹಜಾರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ವರ್ಷದ ಹತ್ತಿರ ಕೂತು ಎದ್ದವನು.

2018ರ ಜನವರಿ. ಪಾಂಡವಪುರದ ಕಡೆಯಿಂದ ಸಂಜೆ ಬೈಕಿನಲ್ಲಿ ಬರುತ್ತಿದ್ದೆನಂತೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಅದರ ಹಿಂದೆ ಲೈಟಿರಲಿಲ್ಲವಂತೆ. ಹೆಲ್ಮೆಟ್ ತಲೆ ಮೇಲಿತ್ತು, ಪಟ್ಟಿ ಹಾಕಿರಲಿಲ್ಲ. ನಾನೊಂದು ಕಡೆ ಬಿದ್ದೆ, ಹೆಲ್ಮೆಟ್ ಇನ್ನೊಂದು ಕಡೆ. 'ಅಂತೆ' ಅನ್ನುತ್ತಿದ್ದೇನೆ, ಯಾಕೆಂದರೆ ನನಗೆ ಅದ್ಯಾವುದೂ ನೆನಪಿಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದದ್ದು ಗೊತ್ತು. ಅದಾದ ಮೇಲೆ ಗೊತ್ತಿರುವುದು ಶಿವರಾತ್ರಿ ಕಳೆದ ಮೇಲಿನದು. ನಡುವೆ ಎಚ್ಚರ ಬಂದು ಮಾತಾಡಿದ್ದೇನಂತೆ, ನರ್ಸನ್ನು ಸೋದರತ್ತೆ ಅಂತ ಕರೆದಿದ್ದೇನಂತೆ. ಈ ಖಾಲಿ ದಿನಗಳನ್ನು ಲೆಕ್ಕ ಇಟ್ಟುಕೊಳ್ಳಿ. ನೆನಪು ಸತತವಾಗಿ ಶುರುವಾಗುವುದಕ್ಕೆ ಎಷ್ಟು ದಿನ ಹಿಡಿಯಿತು ಅನ್ನುವುದರಿಂದ ಪೆಟ್ಟಿನ ತೂಕ ಗೊತ್ತಾಗುತ್ತದೆ. ಡಾಕ್ಟರ್ ಕೇಳಿದರೆ ತಮ್ಮನಿಗೆ ಹೇಳೋಕೆ ಆಗುವುದಿಲ್ಲ, ನೀವೇ ಹೇಳಬೇಕು.

ಡಿಸ್ಚಾರ್ಜ್ ಹಾಳೆಯಲ್ಲಿ ಜಿಸಿಎಸ್ ಅಂತ ಒಂದು ಅಂಕಿ ಇರುತ್ತದೆ. ಗ್ಲಾಸ್ಗೋ ಊರಿನ ಇಬ್ಬರು ಡಾಕ್ಟರುಗಳು 1974ರಲ್ಲಿ ಮಾಡಿದ ಲೆಕ್ಕ. ಕಣ್ಣು ಬಿಡುತ್ತಾನಾ, ಮಾತಾಡುತ್ತಾನಾ, ಕೈಕಾಲು ಆಡಿಸುತ್ತಾನಾ ಅಂತ ನೋಡಿ 3ರಿಂದ 15ರವರೆಗೆ ಕೊಡುತ್ತಾರೆ. 8 ಅಥವಾ ಕೆಳಗಿದ್ದರೆ ಜೋರು ಪೆಟ್ಟು. ನನ್ನದು 8. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿತ್ತು. ಮೈಸೂರಿನಲ್ಲಿ ರಾತ್ರಿಯೇ ಬುರುಡೆ ತೆಗೆದು ಆಪರೇಷನ್ ಮಾಡಿದರು. ಮೆದುಳು ಊದಿಕೊಂಡಿದ್ದರಿಂದ ಆ ಮೂಳೆಯ ತುಂಡನ್ನು ವಾಪಸ್ ಕೂರಿಸುವ ಹಾಗಿರಲಿಲ್ಲ. ಅದನ್ನು ನನ್ನ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿದರು. ಹಾಗೆ ಇಡುವುದು ಮಾಮೂಲಿ, ಮೂಳೆ ಕೆಡುವುದಿಲ್ಲ. ನಮ್ಮಮ್ಮನಿಗೆ ಮಾತ್ರ ಇದನ್ನು ನಂಬಿಸೋಕೆ ಆಗಲಿಲ್ಲ. "ತಲೆ ಮೂಳೆ ಹೊಟ್ಟೆಗೆ ಯಾಕ್ಲಾ ಇಟ್ರು?" ಅಂತ ಬಂದವರಿಗೆಲ್ಲ ಹೊಟ್ಟೆ ತೋರಿಸುತ್ತಿದ್ದರು. ಮೂರು ತಿಂಗಳ ನಂತರ ತೆಗೆದು ತಲೆಗೆ ಕೂರಿಸಿದರು. ಅಲ್ಲಿಯವರೆಗೆ ತಲೆಯ ಒಂದು ಪಕ್ಕ ತಗ್ಗು, ಒಳಗೆ ಮೂಳೆ ಇಲ್ಲ. ಎಡವಿ ಬಿದ್ದರೆ ಗತಿ ಏನು ಅಂತ ಹೆಂಡತಿ ಹೊಸ ಹೆಲ್ಮೆಟ್ ತಂದಳು. ರಸ್ತೆಯಲ್ಲಿ ಪಟ್ಟಿ ಹಾಕದವನು ಬಚ್ಚಲಿಗೆ ಹೋಗುವಾಗ ಪಟ್ಟಿ ಬಿಗಿದುಕೊಂಡು ಹೋಗುತ್ತಿದ್ದೆ.

ಇದೆಲ್ಲ ಕಣ್ಣಿಗೆ ಕಾಣುವುದು. ಜನ ಹಣ್ಣು ತಂದರು, ಅತ್ತರು, ಹೊಲಿಗೆ ನೋಡಿದರು. ಬಲಗೈ ಎತ್ತೋಕೆ ಬಂತು, ಕೂದಲು ಬೆಳೆಯಿತು. ಸರಿಹೋದ ಅಂತ ಎಲ್ಲರೂ ಮನೆಗೆ ಹೋದರು. ನಮ್ಮ ಮನೆಯ ಕಷ್ಟ ಶುರುವಾಗಿದ್ದೇ ಆಮೇಲೆ.

ಬೆಳಗ್ಗೆ ಬ್ರಷ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದೆ. ಹಲ್ಲುಜ್ಜಬೇಕು ಅಂತ ಗೊತ್ತು, ಬ್ರಷ್ ಕೈಯಲ್ಲಿದೆ, ಆದರೆ ಕೆಲಸ ಶುರುವಾಗುವುದಿಲ್ಲ. ಇದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ಬೇಜಾರು ಅಲ್ಲ, ಸೋಮಾರಿತನ ಅಲ್ಲ. ಬೈಕಿನ ಭಾಷೆಯಲ್ಲೇ ಹೇಳುವುದಾದರೆ ಪೆಟ್ರೋಲ್ ಇದೆ, ಸ್ಟಾರ್ಟರ್ ಇಲ್ಲ. "ಪೇಸ್ಟ್ ಹಾಕಿ" ಅಂತ ಹೆಂಡತಿ ಅಂದರೆ ಹಾಕುತ್ತಿದ್ದೆ. "ಉಜ್ಜಿ" ಅಂದರೆ ಉಜ್ಜುತ್ತಿದ್ದೆ. ಬ್ರೇಕೂ ಕೆಟ್ಟಿತ್ತು. ಕುಕ್ಕರ್ ಕೂಗಿದರೆ ತಲೆಯೊಳಗೆ ಯಾರೋ ತಗಡು ಬಡಿದ ಹಾಗೆ. ಒಂದು ಸಲ ಮುದ್ದೆ ತಟ್ಟೆಯನ್ನೇ ಗೋಡೆಗೆ ಎಸೆದೆ. ಮಗಳಿಗೆ ಆಗ ಒಂಬತ್ತು ವರ್ಷ. ಅವಳು ಹಜಾರ ದಾಟುವಾಗ ಗೋಡೆ ಪಕ್ಕ ನಡೆಯುವುದನ್ನು ಕಲಿತಳು.

ಮೆದುಳಿನ ಮುಂಭಾಗ ಮಾಡುವ ಕೆಲಸವೇ ಇದು: ಶುರು ಮಾಡುವುದು, ತಡೆಯುವುದು. ತಲೆಗೆ ಎಲ್ಲಿಯೇ ಏಟು ಬಿದ್ದರೂ ಮೆದುಳು ಒಳಗೆ ಅಲ್ಲಾಡಿ, ಹಣೆಯ ಹಿಂದೆ ಮತ್ತು ಕಿವಿಯ ಪಕ್ಕದಲ್ಲಿರುವ ಒರಟು ಮೂಳೆಗೆ ತಾಗುತ್ತದೆ. ಜೊತೆಗೆ ಒಳಗಿನ ಸಣ್ಣ ನರದ ಎಳೆಗಳು ಜಗ್ಗಿ ಹರಿದಿರುತ್ತವೆ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತ, ಬಿರುಕು, ಊತ ಚೆನ್ನಾಗಿ ಕಾಣುತ್ತದೆ. ಈ ಎಳೆಗಳು ಬಹಳ ಸಲ ಕಾಣುವುದಿಲ್ಲ. ಎಂಆರ್‌ಐಯಲ್ಲಿ ಇನ್ನಷ್ಟು ಕಾಣುತ್ತದೆ, ಪೂರ್ತಿ ಅಲ್ಲ. ಅದಕ್ಕೇ ಸ್ಕ್ಯಾನ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಹುಡುಗ ಚೆನ್ನಾಗಿದ್ದಾನೆ ಅಂತಲ್ಲ. ಇದನ್ನು ನಮಗೆ ಡಿಸ್ಚಾರ್ಜ್ ದಿನ ಯಾರೂ ಹೇಳಲಿಲ್ಲ. ಹೇಳಿದ್ದರೆ ಹೆಂಡತಿ ಆರು ತಿಂಗಳು ಒಳಗೊಳಗೇ ಕೊರಗುವುದು ತಪ್ಪುತ್ತಿತ್ತು. ಅವಳ ಮೇಲೆ ನನಗೆ ಪ್ರೀತಿ ಹೋಗಿದೆ ಅಂತಲೇ ಅವಳು ತಿಳಿದಿದ್ದಳು.

ನೆಂಟರ ವಿಷಯ ಬೇಡ. "ಹೆಂಡ್ತಿ ದುಡೀತಾಳೆ, ಇವನು ಕುಂತು ತಿಂತಾನೆ" ಅಂದವರೂ ಇದ್ದರು. ಗಾಳಿ ಮೆಟ್ಟೈತೆ, ಯಂತ್ರ ಕಟ್ಟಿಸಿ ಅಂದವರೂ ಇದ್ದರು. ಕಟ್ಟಿಸಿಕೊಂಡೆ. ಅಮ್ಮನಿಗೆ ಸಮಾಧಾನ ಆಯಿತು, ನನಗೇನೂ ನಷ್ಟವಿಲ್ಲ. ನಷ್ಟ ಆದದ್ದು ಎಂಟನೇ ತಿಂಗಳಲ್ಲಿ. ಇನ್ನು ಚೆನ್ನಾಗಿದ್ದೀನಲ್ಲ ಅಂತ ಫಿಟ್ಸ್ ಮಾತ್ರೆಯನ್ನು ನಾನೇ ಬಿಟ್ಟುಬಿಟ್ಟೆ. ನಾಲ್ಕನೇ ದಿನ ಮನೆ ಮುಂದಿನ ಜಗಲಿ ಮೇಲೆ ಫಿಟ್ಸ್ ಬಂತು. ಯಾರೋ ಕೈಗೆ ಕಬ್ಬಿಣದ ಕೀಲಿ ತುರುಕಿದರು, ಇನ್ಯಾರೋ ಬಾಯಿಗೆ ಚಮಚ ತುರುಕೋಕೆ ಹೋಗಿ ನನ್ನ ಹಲ್ಲು ಮುರಿದರು. ಎರಡೂ ಮಾಡಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ಬಟ್ಟೆ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಇಲ್ಲವೇ ಒಂದರ ಹಿಂದೆ ಒಂದು ಬಂದರೆ, ಆಸ್ಪತ್ರೆಗೆ ಓಡಿ.

ಮಾತ್ರೆಯ ಬಗ್ಗೆ ಇನ್ನೊಂದು. ತಮ್ಮ ತೆಗೆದುಕೊಳ್ಳುವುದು ಲೆವೆಟಿರಾಸೆಟಂ ಆಗಿದ್ದರೆ, ಕೆಲವರಿಗೆ ಆ ಮಾತ್ರೆಯಿಂದಲೇ ಸಿಡುಕು ಜಾಸ್ತಿ ಆಗುತ್ತದೆ. ನೀವಾಗಿ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ, ಬದಲಿಸುವ ದಾರಿ ಇರುತ್ತದೆ. ನನಗೆ ಬದಲಿಸಿದ ಮೇಲೆ ಮನೆಯಲ್ಲಿ ತಟ್ಟೆಗಳು ಉಳಿದವು. ಮತ್ತೆ ಕುಡಿಯುವ ಅಭ್ಯಾಸ ಇದ್ದರೆ ಅದು ಪೂರ್ತಿ ಬಂದ್. ತಲೆನೋವು ದಿನದಿನಕ್ಕೆ ಏರುವುದು, ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹೊಸದಾಗಿ ಕೈಕಾಲು ಸೋಲುವುದು ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ನನಗೆ ಮಾತೂ ಹೋಗಿತ್ತು, ಪೂರ್ತಿ ಅಲ್ಲ, ಹೆಸರುಗಳು ಮಾತ್ರ. ಹದಿನೆಂಟು ವರ್ಷ ದಿನಸಿ ತೂಗಿದವನಿಗೆ ಉದ್ದಿನಬೇಳೆ ಅನ್ನೋ ಪದ ಬರುತ್ತಿರಲಿಲ್ಲ. "ಇಡ್ಲಿದು ಕೊಡು" ಅನ್ನುತ್ತಿದ್ದೆ. ತೊಗರಿ "ಸಾರಿಂದು", ಜೀರಿಗೆ "ಚಟಪಟ". ಆಶ್ಚರ್ಯ ಏನೆಂದರೆ ಹದಿನಾರರ ಮಗ್ಗಿ ಒಂದೇ ಉಸಿರಿಗೆ ಬರುತ್ತಿತ್ತು. ಬಾಯಿಪಾಠ ಆಗಿರೋದು ಬೇರೆ ದಾರಿಯಲ್ಲಿ ಬರುತ್ತದಂತೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಮಕ್ಕಳಿಗೆ ಮಾತ್ರ ಅಂತ ತಿಳಿದಿದ್ದೆವು. ದೊಡ್ಡವರಿಗೂ ಉಂಟು. ವಾರಕ್ಕೆ ಎರಡು ದಿನ ಮಂಡ್ಯದಿಂದ ರೈಲು. ಚಿತ್ರ ತೋರಿಸುತ್ತಾರೆ, ಪದ ಬರದಿದ್ದರೆ ಮೊದಲ ಅಕ್ಷರ ಮಾತ್ರ ಹೇಳುತ್ತಾರೆ. "ಉ..." ಅಂದರೆ ಸಾಕು, ಉಳಿದದ್ದು ತಾನಾಗಿ ಉದುರುತ್ತಿತ್ತು. ಆ ಉಪಾಯವನ್ನು ಮಗಳು ಕಲಿತಳು. ಅಪ್ಪನಿಗೆ ಪಾಠ ಹೇಳಿಕೊಡುವ ಕೆಲಸ ಸಿಕ್ಕ ಮೇಲೆ ಅವಳು ಗೋಡೆ ಪಕ್ಕ ನಡೆಯುವುದನ್ನು ಬಿಟ್ಟಳು.

ವಾಸನೆ ಹೋದದ್ದು ತಡವಾಗಿ ಗೊತ್ತಾಯಿತು. ಆಸ್ಪತ್ರೆ ಊಟ ಸಪ್ಪೆ ಅಂದುಕೊಂಡಿದ್ದೆ, ಮನೆಗೆ ಬಂದರೆ ಬಸ್ಸಾರೂ ಸಪ್ಪೆ. ಮೂಗಿನಿಂದ ಮೆದುಳಿಗೆ ಹೋಗುವ ಎಳೆಗಳು ಜರಡಿಯಂಥ ಮೂಳೆಯ ತೂತುಗಳಲ್ಲಿ ಹಾದುಹೋಗುತ್ತವೆ. ತಲೆ ಜೋರಾಗಿ ಅಲುಗಿದರೆ ಅಲ್ಲೇ ತುಂಡಾಗುತ್ತವೆ. ಕೊಬ್ಬರಿ ಕಮಟು ಹಿಡಿದಿದೆಯಾ ಅಂತ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ, ಗಿರಾಕಿಯನ್ನೇ ಮೂಸಿ ನೋಡಿ ಅನ್ನುತ್ತೇನೆ. ಒಂದು ಮಧ್ಯಾಹ್ನ ಗ್ಯಾಸ್ ಸೋರುತ್ತಿತ್ತು, ಅದರ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ತಮ್ಮನ ಮೂಗಿನ ಕೆಳಗೆ ಕಾಫಿಪುಡಿ ಹಿಡಿದು ಇವತ್ತೇ ನೋಡಿ. ವಾಸನೆ ಬರದಿದ್ದರೆ ಗ್ಯಾಸ್ ಸೋರಿಕೆಗೆ ಕೂಗುವ ಅಲಾರಂ ಹಾಕಿಸಿ.

ಮನೆಯಲ್ಲಿ ಏನು ಮಾಡಬೇಕು? ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ಮಾತು. ಊಟ ಮಾಡ್ತೀಯಾ, ಮಾತ್ರೆ ತಗೊಂಡ್ಯಾ, ಮಾವ ಬಂದಿದ್ದಾರೆ ನೋಡು ಅಂತ ಒಟ್ಟಿಗೆ ಕೇಳಿದರೆ ನನಗೆ ಮೂರೂ ಕೇಳಿಸುತ್ತಿರಲಿಲ್ಲ. ನೆಂಟರು ಅರ್ಧ ಗಂಟೆ ಮಾತಾಡಿಸಿ ಹೋದರೆ ದಿನವಿಡೀ ಗದ್ದೆಯಲ್ಲಿ ಕಬ್ಬಿನ ತರಗು ಸುಲಿದಷ್ಟು ಸುಸ್ತು. ಅದಕ್ಕೆ ಸಂಜೆ ನಾಲ್ಕರ ಮೇಲೆ ಯಾರೂ ಬರುವ ಹಾಗಿಲ್ಲ ಅಂತ ಹೆಂಡತಿ ಕಟ್ಟುನಿಟ್ಟು ಮಾಡಿದಳು. ಬೆಳಗಿನ ಕೆಲಸಗಳನ್ನು ಸಾಲಾಗಿ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದಳು. ನನಗೆ ಸಿಟ್ಟು ಏರುವುದು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಅವಳು ಕಿವಿಯೋಲೆ ಮುಟ್ಟಿಕೊಂಡರೆ ನಾನು ಎದ್ದು ಹೊರಗೆ ಹೋಗಬೇಕು, ವಾದ ಇಲ್ಲ. ಈಗಲೂ ಅದು ಜಾರಿಯಲ್ಲಿದೆ.

ಮೊದಲಿನ ಹಾಗೆ ಆಗ್ತಾನಾ? ನಾನು ಆಗಲಿಲ್ಲ. ಮೊದಲ ಆರು ತಿಂಗಳು ಬೇಗ ಬೇಗ ಸುಧಾರಿಸುತ್ತದೆ, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಮೂರನೇ ವರ್ಷದಲ್ಲೂ ಹೊಸದಾಗಿ ಏನೋ ಬರುತ್ತಿತ್ತು. ಹನ್ನೊಂದನೇ ತಿಂಗಳಲ್ಲಿ ಒಂದು ಗಂಟೆ ಅಂಗಡಿಯಲ್ಲಿ ಕೂತೆ. ಈಗ ನಾಲ್ಕು ಗಂಟೆ ಕೂರುತ್ತೇನೆ. ಚಿಲ್ಲರೆ ಲೆಕ್ಕ ತಪ್ಪುತ್ತದೆ, ದುಡ್ಡು ಬಂತು ಅಂತ ಕೂಗುವ ಆ ಡಬ್ಬಿ ಬಂದದ್ದು ದೊಡ್ಡ ಉಪಕಾರ. ನಿಮ್ಮ ತಮ್ಮ ಚಿಕ್ಕ ವಯಸ್ಸಿನವನು, ಪೆಟ್ಟು ಎಷ್ಟಿತ್ತೋ ನನಗೆ ಗೊತ್ತಿಲ್ಲ. ನನಗಿಂತ ಚೆನ್ನಾಗಿ ಆಗಬಹುದು.

ಫ್ಯಾಕ್ಟರಿಗೆ ಮುಂದಿನ ತಿಂಗಳೇ ಬೇಡ. ಅದಕ್ಕೆ ಮೊದಲು ನೆನಪು, ಗಮನ, ಯೋಚನೆ ಅಳೆಯುವ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ. ಆ ಕಾಗದ ಅಪಘಾತದ ಕೇಸಿಗೂ ಬೇಕಾಗುತ್ತದೆ, ಯಾಕೆಂದರೆ ಕೋರ್ಟಿಗೆ ಕಾಲು ಮುರಿದದ್ದು ಕಾಣುತ್ತದೆ, ಮರೆವು ಕಾಣುವುದಿಲ್ಲ. ಕಳಿಸುವುದಾದರೂ ಅರ್ಧ ದಿನ ಕಳಿಸಿ. ಓಡುವ ಮೆಷಿನ್ ಪಕ್ಕ ಬೇಡ, ನೈಟ್ ಶಿಫ್ಟ್ ಬೇಡವೇ ಬೇಡ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ.

ಬೈಕ್ ಕೀ ಎಲ್ಲಿಟ್ಟಿದ್ದೀರಿ? ಡಾಕ್ಟರ್ ಹೂಂ ಅನ್ನುವವರೆಗೆ ಅವನ ಕೈಗೆ ಸಿಗದಿರಲಿ. ನನ್ನ ಹೆಂಡತಿ ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದಳು. ನಾನು ಮೂರು ಸಲ ಹುಡುಕೋಕೆ ಹೋದೆ. ಮೂರು ಸಲವೂ ಅಡುಗೆಮನೆಯ ನಡುವೆ ನಿಂತು, ಏನು ಹುಡುಕೋಕೆ ಬಂದೆ ಅಂತ ಅವಳನ್ನೇ ಕೇಳಿದೆ. "ನೀರು ಕುಡಿಯೋಕೆ ಬಂದ್ರಿ" ಅಂತ ಲೋಟ ಕೊಟ್ಟು ಕಳಿಸಿದಳು.